‘ಹಿಮಪಾತ’ಕ್ಕೆ ಬೇರೆ ಪದ ಬೇಕು (ಸ್ವಲ್ಪ ಅವಸರ)

ಮಡಿಕೇರಿಯಿಂದ:
ಮಾನ್ಯರೇ, ಕೆನಡಾದ ಪಶ್ಚಿಮ ಕರಾವಳಿಯ ಪರ್ವತಗಳಿಗೆ ಚಾರಣಕ್ಕೆ ಹೋಗುವವರಿಗಾಗಿ ಒಂದು ಎಚ್ಚರಿಕೆಯ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದು, ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾಗಿದೆ. ಇಳಿಜಾರಿನ ಹಿಮರಾಶಿ ಒಮ್ಮೆಲೇ ಕೆಳಕ್ಕೆ ನುಗ್ಗುವುದನ್ನು ನಮ್ಮ ಪತ್ರಿಕೆಗಳು ‘ಹಿಮಪಾತ’ ಎನ್ನುತ್ತವೆ. 2016ರಲ್ಲಿ ಸಿಯಾಚಿನ್‌ನಲ್ಲಿ ಯೋಧ ಹನುಮಂತಪ್ಪ ಕೊಪ್ಪದ ಸಿಲುಕಿದ್ದಾಗಲೂ ಹಾಗೆಯೇ ಬರೆದವು. ಹಿಮ ಸುರಿಯುವುದಕ್ಕೂ ಅದೇ ಪದವಿರುವುದರಿಂದ ನನ್ನ ಕರಡಿನಲ್ಲಿ ‘ಭಾರಿ ಹಿಮಪಾತದ ಮರುದಿನ ಹಿಮಪಾತದ ಅಪಾಯ ಹೆಚ್ಚು’ ಎಂಬ ವಾಕ್ಯ ಬಂದು ಕುಳಿತಿದೆ. ‘ಹಿಮಕುಸಿತ’ ಎನ್ನಬಹುದೇ?

ಸೋಮವಾರಪೇಟೆಯಿಂದ:
ಎನ್ನಬಾರದು. ಸಂಸ್ಕೃತದ ‘ಹಿಮ’ಕ್ಕೆ ಕನ್ನಡದ ‘ಕುಸಿತ’ವನ್ನು ಗಂಟುಹಾಕಿದರೆ ಅರಿಸಮಾಸವೆಂಬ ವ್ಯಾಕರಣ ದೋಷ. ‘ಮಂಜುಜರಿತ’ ಎಂದು ಬರೆಯಿರಿ.

ವಿರಾಜಪೇಟೆಯಿಂದ:
ಆ ಲೆಕ್ಕದಲ್ಲಿ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ ಆದದ್ದನ್ನು ‘ಭೂಕುಸಿತ’ ಎಂದ ಇಡೀ ನಾಡೇ ತಪ್ಪು ಬರೆದಂತಾಯಿತು. ‘ಮಂಜು’ ಇನ್ನೂ ತೊಡಕಿನದು. ಕೊಡಗಿನವರಿಗೆ ಅದು ಬೆಳಗಿನ ಹೊತ್ತು ಕಾಫಿ ತೋಟದ ಮೇಲೆ ಕವಿಯುವಂಥದ್ದು, ಜರಿಯುವಂಥದ್ದಲ್ಲ. ಆದರೆ ‘ಜರಿತ’ವನ್ನು ಒಪ್ಪುತ್ತೇನೆ. ರಸ್ತೆ ಬದಿಯ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದ್ದಲ್ಲೇ ಕುಸಿಯಬಹುದು. ಹಿಮವಾದರೋ ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಒಳಗಿನ ದುರ್ಬಲ ಪದರ ಸೋತೊಡನೆ ಮೇಲಿನ ಗಟ್ಟಿ ಪದರ ಬಿರುಕುಬಿಟ್ಟು ಇಡಿಯಾಗಿ ಜಾರಿ ಹೊರಡುತ್ತದೆ. ವಸಂತದ ಬಗೆ ಬೇರೆ. ಕಡಲ ಗಾಳಿ ತಂದು ಸುರಿದ ತೇವದ, ತೂಕದ ಹಿಮ ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಒಳಗಿಳಿದು, ಕಣಗಳ ಹಿಡಿತ ಸಡಿಲಿ, ಒಂದು ಬಿಂದುವಿನಿಂದ ಹೊರಟ ಒದ್ದೆ ಹಿಮ ಬೀಸಣಿಗೆಯಂತೆ ಅಗಲವಾಗುತ್ತಾ ಇಳಿಯುತ್ತದೆ. ಮಧ್ಯಾಹ್ನಕ್ಕೆ ಮೊದಲೇ ಇಳಿಜಾರು ಬಿಡಬೇಕೆನ್ನುವುದು ಇದಕ್ಕಾಗಿಯೇ. ‘ಪದರ ಹಿಮಜರಿತ’, ‘ಒದ್ದೆ ಹಿಮಜರಿತ’ ಎಂದರೆ ಎರಡೂ ಬೇರೆಬೇರೆಯಾಗಿ ತಿಳಿಯುತ್ತವೆ.

ಸೋಮವಾರಪೇಟೆಯಿಂದ:
‘ಹಿಮಜರಿತ’ವೂ ಅರಿಸಮಾಸವೇ. ನಿಯಮವೇ ಬೇಡವೆಂದಾದರೆ ‘ಅವಲಾಂಚ್’ ಎಂದೇ ಬರೆದುಬಿಡಿ, ಚರ್ಚೆ ಏಕೆ?

ವಿರಾಜಪೇಟೆಯಿಂದ:
ಎರವಲಿಗೆ ನನ್ನ ತಕರಾರಿಲ್ಲ; ಇಂಗ್ಲಿಷಿನವರೂ ಅದನ್ನು ಫ್ರೆಂಚಿನಿಂದ ತಂದುಕೊಂಡವರೇ. ಅರಿಸಮಾಸಕ್ಕೂ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಯಲ್ಲಿ, ಪೂರ್ವಕವಿಗಳ ಪ್ರಯೋಗದಲ್ಲಿ ವಿನಾಯಿತಿ ಕೊಟ್ಟಿದ್ದಾನೆ. ಪ್ರಾಣ ಉಳಿಸುವ ಕರಪತ್ರಕ್ಕೆ ನಾವು ಕೊಡಬಾರದೇ? ಅವಲಾಂಚ್ ಎಂದರೆ ಏನು ಜಾರುತ್ತದೆಂದು ಹೊಸಬನಿಗೆ ಹೊಳೆಯುವುದಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಮಡಿಕೇರಿಯಿಂದ:
ಇಬ್ಬರಿಗೂ ವಂದನೆಗಳು. ‘ಹಿಮಜರಿತ’ವನ್ನು ಇಟ್ಟುಕೊಂಡು, ಸುರಿಯುವುದಕ್ಕೆ ‘ಹಿಮ ಬೀಳುವುದು’ ಎಂದೇ ಬರೆಯುತ್ತೇನೆ. ಹಿಮಜರಿತದ ಅಪಾಯವನ್ನು ಸೂಚಿಸುವ 5 ಹಂತಗಳಲ್ಲಿ ಮೂರನೆಯದಕ್ಕೆ (ಇಂಗ್ಲಿಷಿನಲ್ಲಿ ‘ಕನ್ಸಿಡರಬಲ್’) ಕನ್ನಡ ಪದ ಬಾಕಿ ಉಳಿದಿದೆ. ಅನೇಕ ಸಾವುಗಳು ಸಂಭವಿಸುವುದು ಆ ಹಂತದಲ್ಲೇ ಆದ್ದರಿಂದ, ‘ಗಣನೀಯ’ ಎಂದರೆ ತೀರಾ ಸಪ್ಪೆಯಾಗುತ್ತದೆ. ಯಾರಾದರೂ ಇಂದು ರಾತ್ರಿಯೊಳಗೆ ಸೂಚಿಸಬೇಕಾಗಿ ವಿನಂತಿ.