ಅಪ್‌ಡೇಟ್: ಚಿಕ್ಕಪ್ಪನವರ ನಾಲಿಗೆಯ ಹುಣ್ಣು

ತೀರ್ಥಹಳ್ಳಿಯಲ್ಲಿರುವ ಚಿಕ್ಕಪ್ಪನವರ ನಾಲಿಗೆಯ ಅಂಚಿನ ಹುಣ್ಣು ವಾಸಿಯಾಗುತ್ತಿಲ್ಲ, ಬಿ-ಕಾಂಪ್ಲೆಕ್ಸ್ ಮಾತ್ರೆಯನ್ನೇ ಮುಂದುವರಿಸಬಹುದೇ ಎಂದು ಹಿಂದೆ ಕೇಳಿದ್ದೆ. ಕಾಯಬೇಡಿ ಎಂದವರಿಗೆಲ್ಲ ಕೃತಜ್ಞತೆಗಳು. ಶಿವಮೊಗ್ಗದಲ್ಲಿ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿದೆವು.

ವೈದ್ಯರು ಕೈಗವಸು ಹಾಕಿದ ಬೆರಳಿನಿಂದ ಹುಣ್ಣಿನ ಅಂಚನ್ನು ಒತ್ತಿ ಗಟ್ಟಿಯಾಗಿದೆಯೇ ಎಂದು ನೋಡಿ, ದವಡೆಯ ಕೆಳಗೆ ಗಂಟೇನಾದರೂ ಇದೆಯೇ ಎಂದು ಕತ್ತಿನ ಎರಡೂ ಬದಿಯನ್ನು ತಡವಿದರು. ಅದೇ ಬದಿಯ ಕಿವಿನೋವನ್ನು ಚಿಕ್ಕಪ್ಪ ಮಳೆಗಾಲದ ಶೀತವೆಂದೇ ತಿಳಿದಿದ್ದರು. ಕಿವಿಯಲ್ಲಿ ದೋಷವಿಲ್ಲದೆ ಒಂದೇ ಬದಿ ನೋಯುತ್ತಿದ್ದರೆ, ಅದು ನಾಲಿಗೆ ಅಥವಾ ಗಂಟಲಿನ ತೊಂದರೆಯಿಂದ ನರದ ಮೂಲಕ ಬರುವುದೂ ಉಂಟಂತೆ. 3 ವಾರ ಮೀರಿದ ಬಾಯಿಹುಣ್ಣು ಅಥವಾ ಗೊಗ್ಗರು ದನಿ, ಕಾರಣ ತಿಳಿಯದ ಕತ್ತಿನ ಗಂಟು, ಬಾಯೊಳಗಿನ ಕೆಂಪು ಮಚ್ಚೆ, ನುಂಗಲು ಕಷ್ಟ, ಇವು ಕ್ಯಾನ್ಸರ್‌ನ ಲಕ್ಷಣವೂ ಆಗಿರಬಹುದಾದ್ದರಿಂದ ಒಂದಿದ್ದರೂ ತಡಮಾಡದೆ ತಜ್ಞರಿಗೆ ತೋರಿಸಬೇಕು, ನೋವಿಲ್ಲವೆಂದು ಸುಮ್ಮನಿರಬಾರದು ಎಂದರು. ಉಸಿರೆಳೆಯುವಾಗ ಕರ್ಕಶ ಸದ್ದು ಬಂದರಂತೂ ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಬೇಕು.

ಹೊಗೆಸೊಪ್ಪು ಬಿಟ್ಟು ಬರೀ ಎಲೆಯಡಿಕೆ ಹಾಕಬಹುದಲ್ಲ ಎಂದು ಚಿಕ್ಕಪ್ಪ ಕೇಳಿದರು. ಅಡಿಕೆ ತೋಟದ ನಡುವೆಯೇ ಬದುಕುವ ನಮಗೆ ಒಪ್ಪಲು ಕಷ್ಟವಾದರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬಯಾಪ್ಸಿಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಹುಣ್ಣಿನಿಂದ ತುಣುಕು ತೆಗೆದಿದ್ದಾರೆ. ವರದಿ ಇನ್ನೂ ಬರಬೇಕಿದೆ.