ಬೇರಿನ ಅಡ್ಡಸೀಳು ತೆಗೆಯಲು ಸಹಾಯ ಬೇಕು

ಸಾಸಿವೆ ಕುಟುಂಬದ ಪ್ರಯೋಗ ಗಿಡ ಅರಾಬಿಡಾಪ್ಸಿಸ್‌ನ 5 ದಿನದ ಸಸಿಗಳಲ್ಲಿ ಜಿಎಲ್2 ಪ್ರಮೋಟರ್-ಗಸ್ ಬಣ್ಣ (ಬೇರುರೋಮ ತಡೆಯುವ ಜಿಎಲ್2 ಜೀನ್ ಚಾಲೂ ಇರುವ ಕೋಶವನ್ನು ನೀಲಿಯಾಗಿಸುವ ಗುರುತು) ನೋಡುತ್ತಿದ್ದೇವೆ. ಎರಡು ಕಾರ್ಟೆಕ್ಸ್ (ಹೊರಪದರದ ಕೆಳಗಿನ ಪದರ) ಕೋಶಗಳ ಸಂದಿಯ ಮೇಲೆ ಕೂತ ಹೊರಪದರದ ಕೋಶವೇ ಬೇರುರೋಮವಾಗುವುದು, ಹಾಗಾಗಿ ಅದು ಬಿಳಿಯಾಗೇ ಉಳಿಯಬೇಕು. ಒಂದೇ ಕಾರ್ಟೆಕ್ಸ್ ಕೋಶದ ಮೇಲಿರುವುದು ಮಾತ್ರ ನೀಲಿಯಾಗಬೇಕು. ಈಗ ಎರಡೂ ಸಾಲು ಮಸುಕು ನೀಲಿ!

ಬಣ್ಣದ ದ್ರಾವಣದಲ್ಲಿ ಫೆರಿ, ಫೆರೋಸಯನೈಡ್ (ಬಣ್ಣ ಬೇಗ ಗಟ್ಟಿಯಾಗಿಸುವ ಲವಣಗಳು) ತಲಾ 0.5 ಮಿಲಿಮೋಲಾರ್, 37 ಡಿಗ್ರಿಯಲ್ಲಿ 2 ಗಂಟೆ. ಬಣ್ಣ ಗಟ್ಟಿಯಾಗುವ ಮುನ್ನವೇ ಪಕ್ಕಕ್ಕೆ ಹರಡುತ್ತಿರಬೇಕು. ಆದರೆ ಸಿಪಿಸಿ (ರೋಮದ ಸಾಲಿನಲ್ಲಿ ಜಿಎಲ್2 ತಡೆಯುವ ಜೀನ್) ಕೆಟ್ಟ ಸಸಿಯಲ್ಲೂ ಜಿಎಲ್2 ರೋಮದ ಸಾಲಿಗೆ ನುಗ್ಗುತ್ತದೆ, ಮೇಲಿಂದ ನೋಡಿ ತೀರ್ಮಾನಿಸುವಂತಿಲ್ಲ. ಅಡ್ಡಸೀಳೇ ಬೇಕು. 4% ಅಗರೋಸ್ ಜೆಲ್‌ನಲ್ಲಿ ಕೂರಿಸಿದರೆ ಬ್ಲೇಡ್ ತಾಗಿದೊಡನೆ ಬೇರು ಜಾರಿ ಹೊರಬರುತ್ತದೆ. ರಾಳದಲ್ಲಿ ಕೂರಿಸಿದವರು ಎಷ್ಟು ದಪ್ಪ ಸೀಳುತ್ತೀರಿ? ರಾಳಕ್ಕೆ ಮುನ್ನ ನೀರು ತೆಗೆಯುವ ಆಲ್ಕೋಹಾಲ್ ಹಂತಗಳಲ್ಲಿ ನೀಲಿ ಉಳಿಯುತ್ತದೆಯೇ? ಫೆರಿ, ಫೆರೋಸಯನೈಡ್ ತಲಾ 2 ಮಿಲಿಮೋಲಾರ್‌ಗೆ ಏರಿಸಿದವರೂ ದಯವಿಟ್ಟು ತಿಳಿಸಿ.