ಬದುವಿನ ಮೇಲೆ ತಂಗಡಿ: ಬೆಳೆಸಿದವರ ಅನುಭವ

ಪ್ರಶ್ನೆ (ಹಿರಿಯೂರು): ನಮ್ಮ 2 ಎಕರೆ ಖುಷ್ಕಿ ಜಮೀನಿನ ಬದುಗಳ ಮೇಲೆ ತಂಗಡಿ ಗಿಡ ಬೆಳೆಸಬೇಕೆಂದಿದ್ದೇನೆ. ಕಳೆದ ಮುಂಗಾರಿನಲ್ಲಿ ಚೆಲ್ಲಿದ ಬೀಜ ಹೆಚ್ಚುಕಡಿಮೆ ಮೊಳೆಯಲೇ ಇಲ್ಲ. ರಸ್ತೆಬದಿಯಿಂದ ಕಿತ್ತು ತಂದು ನೆಟ್ಟ ಗಿಡಗಳು 15 ದಿನಗಳಲ್ಲಿ ಒಣಗಿದವು. ದ್ವಿದಳ ಜಾತಿಯ ಗಿಡವಾದ್ದರಿಂದ ನೆಲಕ್ಕೆ ಸಾರಜನಕವೂ ದೊರೆಯಬಹುದೆಂಬ ಆಸೆಯಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಿ.

ಉತ್ತರ (ಪಾವಗಡ): ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ತಂಗಡಿ ಬೀಜದ ಸಿಪ್ಪೆ ಬಹಳ ಗಟ್ಟಿಯಾಗಿದ್ದು, ನೀರು ಒಳಗಿಳಿಯುವವರೆಗೆ ಮೊಳಕೆ ಒಡೆಯುವುದಿಲ್ಲ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ, ಅದು ತಾನಾಗಿ ಆರುವಂತೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಬ್ಬಿದವುಗಳನ್ನಷ್ಟೇ ಆರಿಸಿ, ಮಳೆ ಬಿದ್ದು ಹದವಾದ ಬದುವಿನಲ್ಲೇ ಗುಣಿಗೆ ಮೂರು ನಾಲ್ಕರಂತೆ ಊರಿದ ಮೇಲೆ ನನಗೆ ಗಿಡ ನಿಂತಿತು. ಕಿತ್ತು ನೆಟ್ಟ ಗಿಡ ಬದುಕದಿರುವುದಕ್ಕೆ ಕಾರಣ ಅದರ ತಾಯಿಬೇರು. ಅದು ಆಳಕ್ಕೆ ಇಳಿದಿರುವುದರಿಂದ ಕೀಳುವಾಗ ತುಂಡಾಗುತ್ತದೆ. ಮೊದಲ ಬೇಸಿಗೆ ದಾಟಿದರೆ ನೀರಿನ ಚಿಂತೆ ಇಲ್ಲ. ನೀರು ನಿಲ್ಲುವ ಜಾಗವೊಂದನ್ನು ಮಾತ್ರ ಬಿಡಿ. ನೀವು ಕಳೆದ ವರ್ಷ ಚೆಲ್ಲಿದ ಬೀಜವೂ ವ್ಯರ್ಥವಾಗಿರಲಾರದು, ಮುಂದಿನ ಮಳೆಗಳಲ್ಲಿ ಏಳಬಹುದು. ಆ ಬದುವನ್ನು ಅಗೆಯಬೇಡಿ.

ಸಾರಜನಕದ ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ. ತಂಗಡಿ ಸೇರಿದ ಸೆನ್ನಾ ಕುಲದ ಗಿಡಗಳಲ್ಲಿ ಸಾಮಾನ್ಯವಾಗಿ ಅವರೆ, ಹುರುಳಿಗಳಲ್ಲಿರುವಂತಹ, ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬೇರುಗಂಟುಗಳು ಇರುವುದಿಲ್ಲ. ಹೂ ಮುಗಿದ ಮೇಲೆ ರೆಂಬೆ ಸವರಿ ಸೊಪ್ಪನ್ನು ಹೊಲಕ್ಕೆ ಹಾಕಿದರೆ ಹಸಿರೆಲೆ ಗೊಬ್ಬರವಾಗುತ್ತದೆ. ದನಕರುಗಳು ಅದಕ್ಕೆ ಅಷ್ಟಾಗಿ ಬಾಯಿ ಹಾಕದ ಕಾರಣ ಬೇಲಿಯಾಗಿ ಉಳಿಯುತ್ತದೆ. ಹಿಂದೆ ಇದರ ತೊಗಟೆಯಿಂದಲೇ ಚರ್ಮ ಹದ ಮಾಡುತ್ತಿದ್ದರು. ಇಂದು ತೊಗಟೆಗಾಗಿ ಯಾರೂ ಇದನ್ನು ಬೆಳೆಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಾಂಡ ಸುಲಿದ ಗಿಡ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ.

ಉತ್ತರ (ಚಳ್ಳಕೆರೆ): ಹೂವನ್ನೆಲ್ಲ ಕೊಯ್ಯಬೇಡಿ. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗವಷ್ಟೇ ಇದೆ; ಅದೂ ಪರಾಗಕೋಶದ ತುದಿಯ ಸಣ್ಣ ರಂಧ್ರದಿಂದ ಹೊರಬರಬೇಕು. ದೊಡ್ಡ ಕಪ್ಪು ದುಂಬಿಗಳು ಹೂವನ್ನು ಹಿಡಿದು ಝೇಂಕರಿಸುತ್ತ ಅದನ್ನು ಉದುರಿಸುವುದನ್ನು ಬೆಳಗಿನ ಹೊತ್ತು ನಿಂತು ನೋಡಿ. ಎಲೆಗಳಲ್ಲಿ ಹಸಿರು ಕಂಬಳಿಹುಳು ಕಂಡರೆ ಔಷಧ ಹೊಡೆಯದಿರಿ; ಅವು ಹೆಚ್ಚಾಗಿ ವಲಸೆ ಚಿಟ್ಟೆಯ ಮರಿಗಳು, ಮೇಯ್ದ ಕೊಂಬೆ ಮತ್ತೆ ಚಿಗುರುತ್ತದೆ.

ಉತ್ತರ (ಮಹಬೂಬನಗರದಿಂದ ಒಬ್ಬ ಕನ್ನಡಿಗ): ಇಲ್ಲಿ ಇದು ತಂಗೇಡು, ತೆಲಂಗಾಣದ ರಾಜ್ಯಪುಷ್ಪ. ಬತುಕಮ್ಮ ಹಬ್ಬದ ದಿನಗಳಲ್ಲಿ ಹೂವಿಗೆ ಬೇಡಿಕೆ ಏರುತ್ತದೆ. ಆದರೆ ಕೊಯ್ದ ಹೂ ಬೇಗ ಬಾಡುವುದರಿಂದ ಹತ್ತಿರದ ಸಂತೆಯಿದ್ದವರಿಗಷ್ಟೇ ಅದು ಆದಾಯ. ಒಣಗಿಸಿದ ಹೂವಿನ ಕಷಾಯವನ್ನು ಮಧುಮೇಹಕ್ಕೆಂದು ಕುಡಿಯುವ ರೂಢಿಯಿದೆ. ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ಆರಂಭಿಸಬಾರದು.